ಅಯ್ಯನವರನ್ನು ಲೆಕ್ಕ ಕೇಳಬಹುದೇ?

ಅಯ್ಯನವರು, ಪಾಸ್ಟರ್ ಮುಂತಾದ ಕ್ರೈಸ್ತ ಸಭೆಯ (ಚರ್ಚಿನ) ಮುಂದಾಳುಗಳ ಬಗ್ಗೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೊಗಳಿಕೆ ಇದೆ, ಸಿಟ್ಟಿದೆ, ಅಳುವೂ ಇದೆ. ಹೆಸರು ಹಾಕಬೇಡಿ ಎಂದು ಬಹಳ ಜನ ಕೇಳಿಕೊಂಡಿದ್ದಾರೆ. ಹಾಗಾಗಿ ಊರು ಮಾತ್ರ ಹಾಕಿದ್ದೇನೆ. ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಸಭಾಪಾಲಕಿಯಾಗಿದ್ದು ನಿವೃತ್ತಿಯಾದವಳು. ಹಳ್ಳಿಯಲ್ಲೂ ಇದ್ದೆ, ಪಟ್ಟಣದಲ್ಲೂ ಇದ್ದೆ. ಅಲ್ಲಿ ಕಂಡದ್ದನ್ನೂ ಸತ್ಯವೇದದಲ್ಲಿ (ಬೈಬಲಿನಲ್ಲಿ) ಓದಿದ್ದನ್ನೂ ಇಟ್ಟುಕೊಂಡು ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಮ್ಮನವರೇ, ನಮ್ಮದು ಸ್ವತಂತ್ರ ಸಭೆ. ಕೆಲವು ವರ್ಷಗಳಿಂದ ಕಟ್ಟಡ ನಿಧಿಗೆ ಹಣ ಕೂಡಿಸುತ್ತಿದ್ದಾರೆ. ನನ್ನ ತಾಯಿ ಬಳೆ ಮಾರಿ ಕೊಟ್ಟಿದ್ದಾರೆ. ಇನ್ನೂ ತಳಪಾಯ ಕೂಡ ಆಗಿಲ್ಲ. ಒಂದು ದಿನ ಆರಾಧನೆ ಮುಗಿದ ಮೇಲೆ ಪಾಸ್ಟರ್ ಹತ್ತಿರ ಹೋಗಿ, ಈಗ ಎಷ್ಟು ಹಣ ಇದೆ ಎಂದು ಕೇಳಿದೆ. ಮುಂದಿನ ಭಾನುವಾರ ಪ್ರಸಂಗದಲ್ಲಿ 'ಅಭಿಷಿಕ್ತರನ್ನು ಮುಟ್ಟಬೇಡಿ' ಎಂಬ ವಚನ ತೆಗೆದು, ನನ್ನ ಕಡೆ ನೋಡುತ್ತಲೇ ಮಾತಾಡಿದರು. ಮನೆಯವರು ಸುಮ್ನಿರು, ಶಾಪ ತಟ್ಟುತ್ತದೆ ಅನ್ನುತ್ತಾರೆ. ನಾನು ಕೇಳಿದ್ದು ಪಾಪವೇ? (ಹುಬ್ಬಳ್ಳಿಯ ಯುವಕ)

ಪಾಪ ಅಲ್ಲ ತಮ್ಮಾ. ಮೊದಲು ಆ ಭಯ ಬಿಡು.

ಅಭಿಷಿಕ್ತರು ಎಂದರೆ ದೇವರು ಆರಿಸಿಕೊಂಡವರು. ಆ ವಚನ ಇರುವುದು ಸತ್ಯವೇದದ 105ನೇ ಕೀರ್ತನೆಯಲ್ಲಿ. ಅದೊಂದೇ ಸಾಲನ್ನು ಓದಿ ನಿಲ್ಲಿಸಬೇಡ, ಅದರ ಮೇಲಿನ ಸಾಲುಗಳನ್ನೂ ಓದು. ಅಲ್ಲಿ ಹೇಳುತ್ತಿರುವುದು ಅಬ್ರಹಾಮ, ಇಸಾಕ, ಯಾಕೋಬರ ವಿಷಯ. ಅವರು ಬೆರಳೆಣಿಕೆಯ ಜನ. ನೆಲ ಅವರದಲ್ಲ. ಗುಡಾರ ಹೊತ್ತುಕೊಂಡು ನಾಡಿನಿಂದ ನಾಡಿಗೆ ಅಲೆಯುತ್ತಿದ್ದರು. ಅಂಥವರನ್ನು ಮುಟ್ಟಬೇಡಿ ಎಂದು ದೇವರು ಗದರಿಸಿದ್ದು ಯಾರನ್ನು? ಅರಸರನ್ನು. ಬಲ ಇದ್ದವರ ಕೈಯಿಂದ ಬಲ ಇಲ್ಲದವರನ್ನು ಕಾಪಾಡಿದ ಮಾತು ಅದು. ನಿಮ್ಮ ಸಭೆಯಲ್ಲಿ ಆ ವಚನ ಕಾಯಬೇಕಾದದ್ದು ಬಳೆ ಮಾರಿದ ನಿನ್ನ ತಾಯಿಯನ್ನು. ಅದನ್ನೇ ಹಿಡಿದು ಅವರ ಮಗನ ಬಾಯಿ ಮುಚ್ಚಿಸಿದರು ಎಂದು ಓದಿ ನನಗೆ ಹೊಟ್ಟೆ ಉರಿಯಿತು.

ಇದಕ್ಕೆ ದಾವೀದನ ಕಥೆಯನ್ನೂ ಎಳೆದು ತರುತ್ತಾರೆ. ಅರಸ ಸೌಲನು ಕರ್ತನ ಅಭಿಷಿಕ್ತ, ಅವನ ಮೇಲೆ ಕೈ ಎತ್ತುವುದಿಲ್ಲ ಎಂದು ದಾವೀದ ಹೇಳಿದ್ದು ನಿಜ. ಏಂಗೆದಿಯ ಗವಿಯಲ್ಲಿ ಕೊಲ್ಲಲು ಅವಕಾಶ ಸಿಕ್ಕರೂ ಕೊಲ್ಲಲಿಲ್ಲ. ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿಕೊಂಡ. ಆದರೆ ಆಮೇಲೆ? ಗವಿಯಿಂದ ಹೊರಗೆ ಬಂದು ಸೌಲನನ್ನು ಕೂಗಿ ಕರೆದ. ನನ್ನನ್ನು ಯಾಕೆ ಅಟ್ಟಿಸಿಕೊಂಡು ಬರುತ್ತಿದ್ದೀಯ, ನಾನು ಮಾಡಿದ ತಪ್ಪೇನು ಎಂದು ಎದುರಿಗೇ ಕೇಳಿದ. ಕತ್ತಿ ಎತ್ತಲಿಲ್ಲ, ಬಾಯಿಯನ್ನೂ ಮುಚ್ಚಿಕೊಳ್ಳಲಿಲ್ಲ. ಮುಂದೆ ಅದೇ ದಾವೀದ ಅರಸನಾಗಿ ತನ್ನ ಸೈನಿಕ ಊರೀಯನಿಗೆ ಅನ್ಯಾಯ ಮಾಡಿದಾಗ, ಪ್ರವಾದಿ ನಾತಾನ ಬಂದು 'ಆ ಮನುಷ್ಯ ನೀನೇ' ಎಂದ. ನಾನು ಅಭಿಷಿಕ್ತ, ನನ್ನನ್ನು ಕೇಳಬೇಡ ಎಂದು ದಾವೀದ ಹೇಳಲಿಲ್ಲ. ತಪ್ಪು ಮಾಡಿದೆ ಎಂದು ಒಪ್ಪಿಕೊಂಡ.

ನನಗೆ ಇದಕ್ಕಿಂತಲೂ ಹಿಡಿಸುವುದು ಪೇತ್ರನ ನಡತೆ. ಅಪೊಸ್ತಲರ ಕೃತ್ಯಗಳು 11ನೇ ಅಧ್ಯಾಯ ತೆಗೆದು ನೋಡು. ಪೇತ್ರ ಕೈಸರೈಯಕ್ಕೆ ಹೋಗಿ ಕೊರ್ನೇಲ್ಯ ಎಂಬ ರೋಮಿನ ಶತಾಧಿಪತಿಯ ಮನೆಯಲ್ಲಿ ಉಳಿದು ಬಂದಿದ್ದ. ಯೆರೂಸಲೇಮಿಗೆ ಬಂದ ಕೂಡಲೇ ಸಭೆಯವರು ಅವನನ್ನು ತರಾಟೆಗೆ ತೆಗೆದುಕೊಂಡರು. ಸುನ್ನತಿ ಇಲ್ಲದವರ, ಅಂದರೆ ಯೆಹೂದ್ಯರಲ್ಲದವರ ಮನೆಗೆ ಹೋದೆಯಂತೆ, ಅವರ ಜೊತೆ ಊಟ ಮಾಡಿದೆಯಂತೆ ಎಂದರು. ಯೇಸುವೇ ಆರಿಸಿ ಕಳಿಸಿದ ಶಿಷ್ಯ, ಅಂದರೆ ಅಪೊಸ್ತಲ ಅವನು. ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮ ಹಬ್ಬದ ದಿನ ಎದ್ದು ನಿಂತು ಪ್ರಸಂಗ ಮಾಡಿದವನು. ನನ್ನನ್ನು ಕೇಳಲು ನೀವ್ಯಾರು ಎನ್ನಬಹುದಿತ್ತು, ಅಲ್ವಾ? ಹಾಗೆನ್ನಲಿಲ್ಲ. ಮೊದಲಿನಿಂದ ಒಂದೊಂದಾಗಿ ಬಿಡಿಸಿ ಹೇಳಿದ. ಜೊತೆಗೆ ಬಂದಿದ್ದ 6 ಮಂದಿ ಸಹೋದರರನ್ನು ಸಾಕ್ಷಿಗೆ ತೋರಿಸಿದ. ಅವರು ಕೇಳಿ ಸಮಾಧಾನಪಟ್ಟರು. ಅಪೊಸ್ತಲನೇ ಸಭೆಗೆ ಉತ್ತರ ಕೊಟ್ಟಿದ್ದಾನೆ. ನಮ್ಮ ಯಾವ ಪಾಸ್ಟರ್, ಯಾವ ಬಿಷಪ್ ಪೇತ್ರನಿಗಿಂತ ದೊಡ್ಡವರು?

ಇನ್ನು ಹಣದ ಮಾತು. ಯೆರೂಸಲೇಮಿನ ಬಡವರಿಗಾಗಿ ಅಪೊಸ್ತಲ ಪೌಲ ಬೇರೆ ಬೇರೆ ಊರಿನ ಸಭೆಗಳಿಂದ ಹಣ ಕೂಡಿಸಿದ. ಅದನ್ನು ತಾನೊಬ್ಬನೇ ಇಟ್ಟುಕೊಳ್ಳಲಿಲ್ಲ. ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನು ಹಾಕಿಕೊಂಡ. ಯಾಕೆಂದು ಕೊರಿಂಥದವರಿಗೆ ಬರೆದ 2ನೇ ಪತ್ರದ 8ನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದು. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನೆಟ್ಟಗೆ ಕಾಣಬೇಕು. 'ದೇವರಿಗೆ ಗೊತ್ತು, ಸಾಕು' ಎನ್ನುವವರು ಈ ಅಧ್ಯಾಯವನ್ನು ಓದಬೇಕು.

ಈಗ ನೀನು ಮಾಡಬೇಕಾದದ್ದು. ಒಬ್ಬನೇ ಹೋಗಬೇಡ. ನಿನ್ನ ಹಾಗೆ ಹಣ ಕೊಟ್ಟ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗು. ಹಿರಿಯನ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕು ಎಂದು ಪೌಲ ತಿಮೊಥೆಗೆ ಬರೆದಿದ್ದಾನೆ. ಅದು ಪಾಸ್ಟರಿಗೂ ರಕ್ಷೆ, ನಿನಗೂ ರಕ್ಷೆ. ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗು. ನಿಧಿ ಯಾವ ಬ್ಯಾಂಕಿನಲ್ಲಿದೆ, ಖಾತೆ ಸಭೆಯ ಹೆಸರಲ್ಲಿದೆಯೋ ಒಬ್ಬರ ಸ್ವಂತ ಹೆಸರಲ್ಲಿದೆಯೋ, ಚೆಕ್ಕಿಗೆ ಯಾರ ಸಹಿ, ಎಷ್ಟು ಬಂತು, ಎಷ್ಟು ಹೋಯಿತು, ಆಡಿಟ್ ಯಾವಾಗ ಆಯಿತು. ದನಿ ಏರಿಸಬೇಡ. ಹಣ ಪೂರ್ತಿ ಹಾಗೆಯೇ ಇದ್ದು, ಕಟ್ಟಡದ ಪರವಾನಗಿಗಾಗಿ ಕಾಯುತ್ತಿರಲೂಬಹುದು. ಹಾಗಿದ್ದರೆ ಪಾಸ್‌ಬುಕ್ ನೋಡಿದ ಕೂಡಲೇ ಎಲ್ಲರ ಮನಸ್ಸೂ ಹಗುರ ಆಗುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಹಾಕಬೇಡ. ಅಲ್ಲಿ ಹಾಕಿದರೆ ಲೆಕ್ಕದ ಪ್ರಶ್ನೆ ಹಿಂದೆ ಬಿದ್ದು ಜಗಳವೇ ಮುಂದೆ ಬರುತ್ತದೆ.

ನಿಮ್ಮ ಸಭೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಆಗಿದ್ದರೆ, ಪ್ರತಿ ವರ್ಷ ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಲೇಬೇಕು. ಟ್ರಸ್ಟ್ ಆಗಿದ್ದರೆ ಟ್ರಸ್ಟಿಗಳು ಯಾರು ಎಂದು ಕೇಳಿ ತಿಳಿದುಕೊಳ್ಳಿ. ಇಷ್ಟೆಲ್ಲ ಆದ ಮೇಲೂ ಪುಸ್ತಕ ತೋರಿಸದಿದ್ದರೆ, ಆ ನಿಧಿಗೆ ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ. ಅದರಿಂದ ಯಾವ ಶಾಪವೂ ತಟ್ಟುವುದಿಲ್ಲ. ಪಕ್ಕದ ಮನೆಯ ಬಡ ಹುಡುಗಿಯ ಶಾಲೆ ಫೀಸು ಕಟ್ಟಿ. ಅದೂ ದೇವರಿಗೆ ಕೊಟ್ಟ ಕಾಣಿಕೆಯೇ.

ಒಂದು ಮಾತು ಸೇರಿಸುತ್ತೇನೆ. ಸಣ್ಣ ಸಂಬಳದಲ್ಲಿ, ಸೋರುವ ಮನೆಯಲ್ಲಿದ್ದುಕೊಂಡು, ಸಭೆಯ ಒಂದು ಪೈಸೆಯನ್ನೂ ಮುಟ್ಟದ ಸಭಾಪಾಲಕರನ್ನು ನಾನು ಬಹಳ ಕಂಡಿದ್ದೇನೆ. ಅವರು ಲೆಕ್ಕ ಕೇಳಿದರೆ ಸಿಟ್ಟಾಗುವುದಿಲ್ಲ. ಭಾನುವಾರದ ಕಾಣಿಕೆಯನ್ನು ಅಂದೇ ಇಬ್ಬರಿಂದ ಎಣಿಸಿ, ಸಹಿ ಹಾಕಿಸಿ, ಸೋಮವಾರ ಬ್ಯಾಂಕಿಗೆ ಕಟ್ಟಿ, ತಿಂಗಳ ಕೊನೆಗೆ ಚರ್ಚಿನ ಬಾಗಿಲ ಹತ್ತಿರ ಲೆಕ್ಕದ ಹಾಳೆ ಅಂಟಿಸುತ್ತಾರೆ. ಯಾರೂ ಕೇಳುವ ಮೊದಲೇ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಆದರೆ ನಿಮ್ಮ ಅಂಕಣ ಓದುತ್ತೇನೆ. ಫಾದರ್, ಪಾಸ್ಟರ್, ಬಿಷಪ್ ಎಲ್ಲ ಒಂದೇ ಥರದವರೇ? ಇವರನ್ನು ಯಾರು ನೇಮಿಸುತ್ತಾರೆ? (ನಿವೃತ್ತ ಶಿಕ್ಷಕರು, ಮೈಸೂರು)

ಮೇಷ್ಟ್ರೇ, ಒಂದೇ ಥರ ಅಲ್ಲ. ಕ್ಯಾಥೊಲಿಕ್ ಸಭೆಯಲ್ಲಿ ಬಿಷಪ್‌ರನ್ನು ನೇಮಿಸುವವರು ಪೋಪ್. ಫಾದರ್‌ಗಳನ್ನು ಯಾವ ಊರಿಗೆ ಕಳಿಸಬೇಕು ಎಂದು ತೀರ್ಮಾನಿಸುವವರು ಬಿಷಪ್. ನಮ್ಮ ಕಡೆ ನೀವು ನೋಡುವ ಫಾದರ್‌ಗಳು ಮದುವೆಯಾಗುವುದಿಲ್ಲ.

ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಚೆನ್ನೈಯ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ. ಸ್ವಾತಂತ್ರ್ಯ ಬಂದು ಇನ್ನೂ ಒಂದೂವರೆ ತಿಂಗಳು ಆಗಿತ್ತು ಅಷ್ಟೇ. ಬಿಷಪ್ ಬೇಕು ಎನ್ನುವ ಆಂಗ್ಲಿಕನ್ನರು (ಚರ್ಚ್ ಆಫ್ ಇಂಗ್ಲೆಂಡ್ ಪರಂಪರೆಯವರು), ಮೆಥೊಡಿಸ್ಟರು, ಹಿರಿಯರ ಮಂಡಳಿ ನಡೆಸಲಿ ಎನ್ನುವವರು, ಸಭೆಯವರೇ ತೀರ್ಮಾನಿಸಲಿ ಎನ್ನುವವರು ಎಲ್ಲರೂ ಒಂದಾದರು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿಯಲು ಅಷ್ಟು ವರ್ಷ ಹಿಡಿಯಿತು. ಕೊನೆಗೆ ಒಪ್ಪಿಕೊಂಡದ್ದು ಹೀಗೆ: ಬಿಷಪ್ ಇರಲಿ, ಆದರೆ ಸಭೆಯ ಸಂವಿಧಾನಕ್ಕೆ ಕಟ್ಟುಬಿದ್ದು ಇರಲಿ. ಜೊತೆಗೆ ಚುನಾಯಿತ ಸಮಿತಿಗಳೂ ಇರಲಿ. ಕರ್ನಾಟಕದಲ್ಲಿ ಧಾರವಾಡ, ಬೆಂಗಳೂರು, ಮಂಗಳೂರು ಎಂದು ಮೂರು ಸಭಾಪ್ರಾಂತಗಳಿವೆ, ಅಂದರೆ ಒಬ್ಬೊಬ್ಬ ಬಿಷಪ್ ನೋಡಿಕೊಳ್ಳುವ ಸೀಮೆಗಳು. ನಮ್ಮ ಸಭಾಪಾಲಕರು ಸಂಸಾರಸ್ಥರೂ ಆಗಿರಬಹುದು, ಹೆಂಗಸರೂ ಆಗಿರಬಹುದು.

ಸ್ವತಂತ್ರ ಸಭೆಗಳಲ್ಲಿ ಸಾಮಾನ್ಯವಾಗಿ ಸಭೆ ಶುರು ಮಾಡಿದವರೇ ಪಾಸ್ಟರ್. ಅವರ ಮೇಲೆ ಯಾರೂ ಇರುವುದಿಲ್ಲ. ಒಳ್ಳೆಯವರು ತಾವೇ ಹಿರಿಯರ ಮಂಡಳಿ ಮಾಡಿಕೊಂಡು ಅದರ ಮಾತು ಕೇಳುತ್ತಾರೆ. ಹಾಗೆಂದು ನಿಯಮ ಇರುವ ನಮ್ಮಲ್ಲಿ ಎಲ್ಲ ಸರಿಯಿದೆ ಎನ್ನುತ್ತಿಲ್ಲ. ಚುನಾವಣೆಯ ಜಗಳ, ಆಸ್ತಿಯ ಕೇಸು ನಮ್ಮ ಸಭೆಗಳಲ್ಲೂ ಇವೆ. ನಿಯಮ ಪುಸ್ತಕ ತೆಗೆದು ಓದುವ ಸಭೆಯವರು ಇದ್ದ ಕಡೆ ಅದು ಕೆಲಸ ಮಾಡುತ್ತದೆ.

ಪ್ರಶ್ನೆ: ನನ್ನ ಅತ್ತೆಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಬೇಕು. ಪ್ರಾರ್ಥನಾ ಕೂಟ ನಡೆಸುವ ಒಬ್ಬರು, ಗುಣವಾಗಿದೆ ಎಂದು ನಂಬಿ ಸೂಜಿ ಬಿಡಿ, ಬಿಡದಿದ್ದರೆ ನಿಮಗೆ ನಂಬಿಕೆ ಇಲ್ಲ ಎಂದಂತೆ ಎಂದಿದ್ದಾರೆ. ಅತ್ತೆ ಮೂರು ದಿನದಿಂದ ಬಿಟ್ಟಿದ್ದಾರೆ. ಏನು ಮಾಡಲಿ? (ದಾವಣಗೆರೆ)

ಮಗಳೇ, ನಿನ್ನ ಪತ್ರ ಕೈಗೆ ಬಂದ ದಿನವೇ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಇಂಥ ಮನೆ ಇನ್ನೂ ಇರಬಹುದು. ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ನಾಳೆ ಅಲ್ಲ, ಇವತ್ತೇ. ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಅತ್ತೆಗೆ ಹಿಜ್ಕೀಯ ಅರಸನ ಕಥೆ ಓದಿ ಹೇಳು. ಅವನು ಸಾಯುವ ಸ್ಥಿತಿಯಲ್ಲಿ ಅಳುತ್ತಾ ಪ್ರಾರ್ಥಿಸಿದ. ನಿನ್ನ ಆಯುಷ್ಯಕ್ಕೆ 15 ವರ್ಷ ಸೇರಿಸಿದ್ದೇನೆ ಎಂದು ದೇವರು ಪ್ರವಾದಿ ಯೆಶಾಯನ ಮೂಲಕ ಹೇಳಿಸಿದ. ಅದೇ ಯೆಶಾಯ, ಅಂಜೂರದ ಉಂಡೆ ತಂದು ಹುಣ್ಣಿಗೆ ಕಟ್ಟಿ ಎಂದೂ ಹೇಳಿದ. ವಾಗ್ದಾನ ತಂದ ಬಾಯಿಯೇ ಔಷಧಿಯನ್ನೂ ಹೇಳಿತು. ಪೌಲನ ಜೊತೆಗಿದ್ದ ಲೂಕ ವೈದ್ಯ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು 1906ರಲ್ಲಿ ಕಟ್ಟಿದ ಮಿಷನರಿಗಳು ಪ್ರಾರ್ಥನೆ ಮಾಡದವರೇನಲ್ಲ.

ಔಷಧಿ ಬಿಡಿ ಎಂದವರು ಅತ್ತೆಗೆ ಏನಾದರೂ ಆದರೆ ಉತ್ತರ ಕೊಡುತ್ತಾರೆಯೇ? ಅಷ್ಟು ಹೊತ್ತಿಗೆ 'ನಂಬಿಕೆ ಸಾಲಲಿಲ್ಲ' ಎಂದು ರೋಗಿಯ ಮೇಲೆಯೇ ತಪ್ಪು ಹೊರಿಸಿರುತ್ತಾರೆ. ಇದು ದೇವರ ಸೇವೆಯಲ್ಲ, ಕ್ರೌರ್ಯ. ಆ ಕೂಟದ ಹಿರಿಯರಿಗೆ ನೇರವಾಗಿ ಹೇಳು. ಪ್ರಾರ್ಥನೆ ಬಿಡಬೇಡ, ಸೂಜಿಯನ್ನೂ ಬಿಡಬೇಡ.

ಪ್ರಶ್ನೆ: ಅಕ್ಕನವರೇ, ನಾನು ಹೊಸ ಸಭಾಪಾಲಕ. 5 ಹಳ್ಳಿಗಳನ್ನು ನೋಡಿಕೊಳ್ಳಬೇಕು. ಆರಾಧನೆ, ಮದುವೆ, ಮಣ್ಣು, ಆಸ್ಪತ್ರೆ, ಗಂಡ ಹೆಂಡಿರ ಜಗಳ, ಹಾಸ್ಟೆಲ್ ಸೀಟಿನ ಪತ್ರ, ಎಲ್ಲಕ್ಕೂ ನಾನೇ. ರಾತ್ರಿ 11ಕ್ಕೂ ಫೋನ್ ಬರುತ್ತದೆ. ಮಗು ನನ್ನನ್ನು ನೋಡುವುದೇ ಅಪರೂಪ. ಪ್ರಾರ್ಥನೆಗೆ ಕೂತರೆ ನಿದ್ದೆ ಬರುತ್ತದೆ. ನಾನು ಬಿಟ್ಟರೆ ಮಾಡುವವರು ಯಾರೂ ಇಲ್ಲ. (ರಾಯಚೂರು ಜಿಲ್ಲೆ)

ತಮ್ಮಾ, ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ಉಳಿದದ್ದೆಲ್ಲ ನಿಜ ಎಂದು ಗೊತ್ತು. ಬಸ್ಸಿಲ್ಲದ ಹಳ್ಳಿಗೆ ಮಧ್ಯಾಹ್ನದ ಬಿಸಿಲಲ್ಲಿ ಮಣ್ಣಿಗೆ ಹೋಗುವುದು ಹೇಗಿರುತ್ತದೆ ಎಂದು ನಾನೂ ಬಲ್ಲೆ.

ಇಸ್ರಾಯೇಲರ ನಾಯಕ ಮೋಶೆ ಬೆಳಗಿನಿಂದ ಸಂಜೆಯ ತನಕ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಜನ ಸಾಲುಗಟ್ಟಿ ನಿಂತಿರುತ್ತಿದ್ದರು. ಅವನ ಮಾವ ಇತ್ರೋ ಊರಿಂದ ಬಂದವನು ಒಂದು ದಿನ ನೋಡಿದ. ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಸೋತುಹೋಗುತ್ತೀ, ಈ ಜನರೂ ಸೋತುಹೋಗುತ್ತಾರೆ ಎಂದ. ಎರಡನೆಯ ಮಾತನ್ನು ನಾವು ಮರೆತುಬಿಡುತ್ತೇವೆ. ಎಲ್ಲವನ್ನೂ ಒಬ್ಬನೇ ಹೊತ್ತರೆ ಸೋಲುವುದು ಅವನೊಬ್ಬನೇ ಅಲ್ಲ. ಜನ ಕಾಯುತ್ತಾ ಕೂರುತ್ತಾರೆ. ತಮ್ಮ ಕೈಲಾಗುವುದನ್ನೂ ಮಾಡುವುದಿಲ್ಲ. ಅಯ್ಯನವರು ಬರಲಿ ಎನ್ನುತ್ತಾರೆ. ಮೋಶೆ ಮಾವನ ಮಾತು ಕೇಳಿದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ಇಟ್ಟ. ಆರಿಸುವಾಗ ನೋಡಬೇಕಾದ ಗುಣಗಳಲ್ಲಿ ಒಂದು, ಲಂಚ ಮುಟ್ಟದಿರುವುದು.

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ವಿಷಯವಿದೆ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟ ಎದ್ದಿತು. ಅಪೊಸ್ತಲರು ಸಭೆಯನ್ನು ಕರೆದು, ನೀವೇ 7 ಮಂದಿಯನ್ನು ಆರಿಸಿ ಎಂದರು. ಸಭೆ ಆರಿಸಿದ ಹೆಸರುಗಳನ್ನು ನೋಡು. ಸ್ತೆಫನ, ಫಿಲಿಪ್ಪ, ನಿಕೊಲಾಯ, ಹೀಗೆ ಏಳೂ ಗ್ರೀಕ್ ಹೆಸರುಗಳೇ. ದೂರು ಯಾರ ಕಡೆಯಿಂದ ಬಂದಿತ್ತೋ ಅವರ ಕೈಗೇ ಊಟದ ಉಸ್ತುವಾರಿ ಕೊಟ್ಟರು ಎಂದು ನಾನು ಓದಿಕೊಳ್ಳುತ್ತೇನೆ. ಎಂಥ ಧೈರ್ಯ!

ನಿನ್ನ 5 ಹಳ್ಳಿಗಳಲ್ಲಿ ಸತ್ಯವೇದ ಓದಬಲ್ಲ ಒಬ್ಬ ಹೆಂಗಸು, ಒಬ್ಬ ಗಂಡಸು ಪ್ರತಿ ಊರಲ್ಲೂ ಸಿಗುತ್ತಾರೆ. ಯಾರು ಎಂದು ನೀನು ಹೇಳಬೇಡ, ಊರವರನ್ನೇ ಕೇಳು. ವಾರದ ಪ್ರಾರ್ಥನೆಯನ್ನು ಅವರಿಗೆ ಬಿಡು. ನಮ್ಮ ಸಭೆಯಲ್ಲಿ ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೆ) ಸಭಾಪಾಲಕರು ಬೇಕು. ಆರಾಧನೆ ನಡೆಸಲು, ಪ್ರಸಂಗ ಮಾಡಲು ಸಭೆಯವರಿಗೂ ಅವಕಾಶವಿದೆ. ತಿಂಗಳಿಗೊಂದು ಶನಿವಾರ ಅವರನ್ನೆಲ್ಲ ಒಂದೆಡೆ ಸೇರಿಸಿ, ಮುಂದಿನ ವಾರಗಳ ಪಾಠ ಓದಿಸಿ, ಜೊತೆಗೆ ಊಟ ಮಾಡಿ ಕಳಿಸು. ಆಸ್ಪತ್ರೆಯ ಭೇಟಿಗೆ ಊರಿನ ಆಶಾ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಸಭೆಯಲ್ಲಿದ್ದರೆ ಅವರನ್ನು ಕೇಳು. ಅವರಿಗೆ ನಿನಗಿಂತ ಜಾಸ್ತಿ ಗೊತ್ತಿರುತ್ತದೆ. ಶುರುವಿನಲ್ಲಿ ಪ್ರಸಂಗ ತಡವರಿಸುತ್ತದೆ, ಹಾಡು ತಪ್ಪುತ್ತದೆ. ನೀನು ಮಧ್ಯೆ ಬಾಯಿ ಹಾಕಬೇಡ.

ವಾರಕ್ಕೊಂದು ದಿನ ಮನೆಯಲ್ಲಿರು. ಯಾವ ದಿನ ಎಂದು ಸಭೆಗೆ ಹೇಳಿಬಿಡು. ಸಾವು, ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಅಂದು ಹೊರಡಬೇಡ. ಊಟಕ್ಕೂ ಸಮಯವಿಲ್ಲದಿದ್ದ ಶಿಷ್ಯರಿಗೆ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದವನು ಯೇಸುವೇ.

ಪ್ರಶ್ನೆ: ನಾನು ಚರ್ಚ್ ಕಮಿಟಿಗೆ ಆರಿಸಿ ಬಂದಿದ್ದೇನೆ. ಆದರೆ ಹಣಕಾಸಿನ ವಿಷಯ ಬಂದ ಕೂಡಲೇ, ಕಾಫಿ ಏನಾಯಿತು ನೋಡಿ ಎಂದು ನನ್ನನ್ನು ಎಬ್ಬಿಸುತ್ತಾರೆ. ಹೂವು, ತಿಂಡಿ, ಸಂಡೇ ಸ್ಕೂಲ್ ಬಿಟ್ಟರೆ ಹೆಂಗಸರಿಗೆ ಸಭೆಯಲ್ಲಿ ಬೇರೆ ಸೇವೆ ಇಲ್ಲವೇ? (ಉಡುಪಿ)

ಮುಂದಿನ ಕಮಿಟಿ ಸಭೆಯಲ್ಲಿ ಏಳಬೇಡಿ. 'ಈ ವಿಷಯ ಮುಗಿಯಲಿ, ಆಮೇಲೆ ಎಲ್ಲರೂ ಸೇರಿ ಕಾಫಿ ತರೋಣ' ಎಂದು ನಗುತ್ತಲೇ ಹೇಳಿ ಕೂತಿರಿ. ಚರ್ಚೆಯ ವಿಷಯಗಳ ಪಟ್ಟಿಯನ್ನು ಮುಂಚೆಯೇ ಕೇಳಿ ಪಡೆಯಿರಿ. ನಡಾವಳಿ ಪುಸ್ತಕದಲ್ಲಿ ನೀವು ಹೇಳಿದ ಮಾತು ಬರೆದಿದೆಯೇ ಎಂದು ಓದಿ ನೋಡಿ, ಆಮೇಲೆ ಸಹಿ ಹಾಕಿ. ಕಾಣಿಕೆ ಎಣಿಸುವವರಲ್ಲಿ ನನ್ನ ಹೆಸರೂ ಇರಲಿ ಎಂದು ಕೇಳಿ. ಇನ್ನೊಬ್ಬ ಹೆಂಗಸು ಕಮಿಟಿಗೆ ಬರುವಂತೆ ಈಗಿನಿಂದಲೇ ಮನೆಮನೆಗೆ ಹೋಗಿ ಮಾತಾಡಿ. ಒಬ್ಬರೇ ಇದ್ದರೆ ಬಹಳ ಕಷ್ಟ.

ಪೌಲ ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ಕೆಂಖ್ರೆ ಊರಿನ ಸಭೆಯ ಸೇವಕಿ ಫೊಯಿಬೆಯನ್ನು ಹೆಸರು ಹಿಡಿದು ಹೇಳುತ್ತಾನೆ. ಅವಳಿಗೆ ಬೇಕಾದ ಸಹಾಯವನ್ನೆಲ್ಲ ಮಾಡಿ, ಅವಳು ನನಗೂ ಬಹಳ ಜನರಿಗೂ ಆಸರೆಯಾದವಳು ಎನ್ನುತ್ತಾನೆ. ಅಪೊಲ್ಲೋಸ ಎಂಬ ಬೋಧಕ ದೊಡ್ಡ ಮಾತುಗಾರ. ಅವನನ್ನು ಮನೆಗೆ ಕರೆದು ಸರಿಯಾಗಿ ಕಲಿಸಿದವರು ಪ್ರಿಸ್ಕಿಲ್ಲ ಮತ್ತು ಅವಳ ಗಂಡ ಅಕ್ವಿಲ.

ದೂರದ ಊರಿನ ಮಾತೂ ಬೇಡ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಗಂಗಾಮೂಲದ ಕಾಡಿನಲ್ಲಿ. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ದಿಕ್ಕಿಲ್ಲದ ಬಾಲವಿಧವೆಯರನ್ನೂ ಹುಡುಗಿಯರನ್ನೂ ಸಾಕಿದರು. ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಮರಾಠಿಗೆ ತಂದರು. ಅವರಿಗೆ ಯಾವ ಸಭೆಯೂ ಪಾದ್ರಿ ದೀಕ್ಷೆ ಕೊಟ್ಟಿರಲಿಲ್ಲ. ಸಿಎಸ್‌ಐ ಹೆಂಗಸರಿಗೆ ದೀಕ್ಷೆ ಕೊಡಲು ಶುರು ಮಾಡಿದ್ದು 1976ರಲ್ಲಿ. 2013ರಲ್ಲಿ ಆಂಧ್ರದ ನಂದ್ಯಾಲ ಸಭಾಪ್ರಾಂತಕ್ಕೆ ಪುಷ್ಪ ಲಲಿತಾ ಅವರು ಬಿಷಪ್ ಆದರು. ನಮ್ಮ ಸಭೆಯ ಮೊದಲ ಮಹಿಳಾ ಬಿಷಪ್ ಅವರು.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಒಂದು ಊರಿನಲ್ಲಿ ಒಬ್ಬರು ತಮ್ಮ ಎದೆಯಲ್ಲಿ ಗಂಟಿರುವುದನ್ನು ಬಹಳ ಕಾಲ ಮುಚ್ಚಿಟ್ಟಿದ್ದರು. ಗಂಡನಿಗೆ ಹೇಳಲು ಭಯ, ಅಯ್ಯನವರಿಗೆ ಹೇಳಲು ನಾಚಿಕೆ. ನಾನು ಆ ಊರಿಗೆ ಬಂದ ಮೇಲೆ, ಒಂದು ದಿನ ಪ್ರಾರ್ಥನೆ ಮುಗಿಸಿ ಹೊರಡುವಾಗ ನನ್ನ ಕೈ ಹಿಡಿದು ನಿಲ್ಲಿಸಿ ಹೇಳಿದರು. ಮಾರನೆಯ ದಿನವೇ ಇಬ್ಬರೂ ಆಸ್ಪತ್ರೆಗೆ ಹೋದೆವು. ಅವರು ಈಗಲೂ ಇದ್ದಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಹೆಂಗಸರು ಮುಂದೆ ಬರಬೇಕು ಎಂದು ನಾನು ಹೇಳುವುದು ಹುದ್ದೆಯ ಆಸೆಗೆ ಅಲ್ಲ. ಸಭೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೂತಿರುವವರು ಹೆಂಗಸರು. ಅವರ ಕಷ್ಟ ಮೇಜಿನ ತನಕ ಬರಬೇಕಲ್ಲ.

ಪ್ರಶ್ನೆ: ನಾನು ದೇವಶಾಸ್ತ್ರ ಓದುತ್ತಿರುವ ವಿದ್ಯಾರ್ಥಿ. ಈಗ ಯೂಟ್ಯೂಬಿನಲ್ಲಿ ಹೆಸರು ಮಾಡಿದವರೇ ನಾಯಕರು ಎಂಬಂತಾಗಿದೆ. ನಾವು ಯಾರನ್ನು ನೋಡಿ ಕಲಿಯಬೇಕು? (ಮಂಗಳೂರು)

ವೇದನಾಯಗಂ ಸ್ಯಾಮುವೆಲ್ ಅಜರಯ್ಯ ಅವರ ಜೀವನವನ್ನು ಓದಿ. 1874ರಲ್ಲಿ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ, ಪಾದ್ರಿಯ ಮಗನಾಗಿ ಹುಟ್ಟಿದರು. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಬಂದವರಲ್ಲಿ ಬಹುಪಾಲು ಬಿಳಿಯರು. ಇನ್ನೂ 40 ದಾಟದ ಈ ತಮಿಳಿಗ ಅಲ್ಲಿ ಎದ್ದು ನಿಂತು ಮಾತಾಡಿದರು. ಮಿಷನರಿಗಳ ತ್ಯಾಗಕ್ಕೆ ಮೊದಲು ಕೃತಜ್ಞತೆ ಹೇಳಿದರು. ನೀವು ನಿಮ್ಮ ಆಸ್ತಿಯನ್ನು ಬಡವರಿಗೆ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಗೆಳೆಯರನ್ನು ಕೊಡಿ ಎಂದರು. ಬಿಳಿಯ ಮಿಷನರಿಗಳು ಭಾರತದ ಸಹೋದ್ಯೋಗಿಗಳನ್ನು ಕೈಕೆಳಗಿನವರಂತೆ ನೋಡುತ್ತಿದ್ದ ಕಾಲ ಅದು. ಕೇಳಿದ ಕೆಲವರಿಗೆ ಸಿಟ್ಟು ಬಂತು. ಹುಬ್ಬಳ್ಳಿಯ ಆ ಹುಡುಗನ ಪತ್ರ ಓದಿದಾಗ ನನಗೆ ಈ ಭಾಷಣವೇ ನೆನಪಾಯಿತು.

1912ರ ಡಿಸೆಂಬರ್ 29ರಂದು ಕೊಲ್ಕತ್ತದಲ್ಲಿ ಅವರಿಗೆ ಬಿಷಪ್ ದೀಕ್ಷೆ ಆಯಿತು. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ. ಭಾರತೀಯನೊಬ್ಬ ಬಿಷಪ್ ಆಗುವುದಕ್ಕೆ ವಿರೋಧವೂ ಇತ್ತು. ಅವರು ಬಿಷಪ್ ಆದದ್ದು ಈಗಿನ ತೆಲಂಗಾಣದ ಡೋರ್ನಕಲ್‌ಗೆ. ತಾಯಿನುಡಿ ತಮಿಳು, ಅಲ್ಲಿ ತೆಲುಗು ಕಲಿತರು. ಸಭೆಗೆ ಬಂದವರಲ್ಲಿ ಬಹಳ ಜನ ಮಾಲ, ಮಾದಿಗ ಸಮುದಾಯದ ಬಡ ಕೂಲಿಯವರು. ಅಜರಯ್ಯ ಹಳ್ಳಿಯಿಂದ ಹಳ್ಳಿಗೆ ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ ತಿರುಗಿದರು. ದೀಕ್ಷಾಸ್ನಾನ ಪಡೆದವರು ತಮ್ಮ ತಲೆಯ ಮೇಲೆ ಕೈ ಇಟ್ಟು, 'ನಾನು ಸುವಾರ್ತೆ ಸಾರದಿದ್ದರೆ ನನ್ನ ಗತಿಯೇನು' ಎಂಬ ಪೌಲನ ಮಾತು ಹೇಳುವಂತೆ ಮಾಡಿದರು. ಅಕ್ಷರ ಬಾರದ ಕೂಲಿಯವನಿಗೂ ಮೊದಲ ದಿನವೇ ಒಂದು ಜವಾಬ್ದಾರಿ. ಅದೇ ಜನರಿಂದ ಉಪದೇಶಿಗಳು, ಪಾದ್ರಿಗಳು ಎದ್ದು ಬಂದರು. ಸಭೆಗಳು ಒಂದಾಗಬೇಕು ಎಂದು 1919ರ ತರಂಗಂಬಾಡಿ ಸಭೆಯಿಂದಲೂ ದುಡಿದರು. 1945ರ ಜನವರಿ 1ರಂದು ತೀರಿಕೊಂಡರು. ಸಿಎಸ್‌ಐ ಹುಟ್ಟಿದ್ದನ್ನು ನೋಡಲು ಅವರಿರಲಿಲ್ಲ.

ಯೂಟ್ಯೂಬಿನಲ್ಲಿ ಒಳ್ಳೆಯ ಪ್ರಸಂಗಗಳೂ ಇವೆ, ನಾನೂ ಕೇಳುತ್ತೇನೆ. ಆದರೆ ಅಲ್ಲಿ ಕಾಣುವವರ ಮನೆಯ ಕೆಲಸದಾಕೆಗೆ ಸಂಬಳ ಸರಿಯಾಗಿ ಸಿಗುತ್ತಿದೆಯೇ ಎಂದು ನಮಗೆ ಕಾಣುವುದಿಲ್ಲ. ನಿಮ್ಮ ರಜೆಯಲ್ಲಿ ಯಾವುದಾದರೂ ಹಳ್ಳಿಯ ಸಭಾಪಾಲಕರ ಜೊತೆ ಒಂದು ತಿಂಗಳು ಇರಿ. ಅವರನ್ನು ಬಡವರು ಹೇಗೆ ಮಾತಾಡಿಸುತ್ತಾರೆ ನೋಡಿ. ಹೆದರಿ ಬಾಗಿಲಲ್ಲೇ ನಿಲ್ಲುತ್ತಾರೆಯೇ, ಒಳಗೆ ಬಂದು ಕೂತು ಮಾತಾಡುತ್ತಾರೆಯೇ? ನಾನಾಗಿದ್ದರೆ ಯಾರಿಂದ ಕಲಿಯಬೇಕು ಎಂದು ಅದರಿಂದಲೇ ತೀರ್ಮಾನಿಸುತ್ತಿದ್ದೆ.

ಪ್ರಶ್ನೆ: ನಮ್ಮ ಸಭೆಯ ಖಜಾಂಚಿಯಾಗಿ ಬಹಳ ವರ್ಷ ಆಯಿತು. ಕಣ್ಣು ಮಂಜಾಗಿದೆ. ನನ್ನ ಮಗ ಕಂಪ್ಯೂಟರ್ ಬಲ್ಲವನು, ನಂಬಿಗಸ್ತ. ಅವನಿಗೆ ವಹಿಸಿಕೊಡಲೇ? ಬೇರೆಯವರ ಕೈಗೆ ಕೊಡಲು ಮನಸ್ಸು ಬರುತ್ತಿಲ್ಲ. (ಚಿಕ್ಕಮಗಳೂರು)

ಅಣ್ಣಾ, ಇಷ್ಟು ವರ್ಷ ಸಭೆಯ ದುಡ್ಡು ಕಾದಿದ್ದೀರಿ. ದೇವರು ನಿಮ್ಮನ್ನು ಆಶೀರ್ವದಿಸಲಿ. ಆದರೆ ಮಗನಿಗೆ ನೀವಾಗಿ ಕೊಡಬೇಡಿ.

ಪ್ರವಾದಿ ಸಮುವೇಲ ಮುದುಕನಾದಾಗ ಜನರ ಮುಂದೆ ನಿಂತು, ನಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ತೆಗೆದುಕೊಂಡೆ, ಯಾರಿಗೆ ಮೋಸ ಮಾಡಿದೆ, ಹೇಳಿ, ಹಿಂದಕ್ಕೆ ಕೊಡುತ್ತೇನೆ ಎಂದ. ಏನೂ ತೆಗೆದುಕೊಂಡಿಲ್ಲ ಎಂದು ಜನ ಹೇಳಿದರು. ಎಷ್ಟು ನಿರ್ಮಲ ಬದುಕು! ಅಂಥವನೂ ತನ್ನ ಮಕ್ಕಳನ್ನೇ ನ್ಯಾಯಾಧಿಪತಿಗಳನ್ನಾಗಿ ಮಾಡಿದ್ದ. ಅವರು ಲಂಚ ತಿಂದರು. ನಮಗೊಬ್ಬ ಅರಸ ಬೇಕು ಎಂದು ಜನ ಹಟ ಹಿಡಿದದ್ದು ಅದರ ನಂತರವೇ. ನಿಮ್ಮ ಮಗ ಹಾಗಲ್ಲ ಎಂದು ನಂಬುತ್ತೇನೆ. ಆದರೂ ಅಪ್ಪನ ಪುಸ್ತಕವನ್ನು ಮಗ ಮುಂದುವರಿಸಿದರೆ, ಹಳೆಯ ಲೆಕ್ಕವನ್ನು ಹೊಸ ಕಣ್ಣಿಂದ ನೋಡುವವರು ಇರುವುದಿಲ್ಲ. ನಾಳೆ ಯಾರಾದರೂ ಒಂದು ಮಾತು ಎತ್ತಿದರೆ ನಿಮ್ಮ ಇಷ್ಟು ವರ್ಷದ ಹೆಸರಿಗೆ ಪೆಟ್ಟು.

ಮೊದಲು ಹೊರಗಿನ ಆಡಿಟರಿಂದ ಲೆಕ್ಕ ನೋಡಿಸಿ. ವಾರ್ಷಿಕ ಸಭೆಯಲ್ಲಿ ನೀವೇ ಓದಿ ಹೇಳಿ, ಪ್ರಶ್ನೆ ಕೇಳಿ ಎನ್ನಿ. ಸಭೆ ಆರಿಸಿದವರಿಗೆ ಪಾಸ್‌ಬುಕ್, ಚೆಕ್ ಪುಸ್ತಕ, ರಸೀದಿ ಪುಸ್ತಕಗಳ ಹಳೆಯ ಪ್ರತಿಗಳು, ಸಭೆಯ ಮೊಹರು, ಬೀರುವಿನ ಕೀಲಿ ಎಲ್ಲವನ್ನೂ ಪಟ್ಟಿ ಮಾಡಿ ಕೊಡಿ. ಪಟ್ಟಿಗೆ ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಸಭಾಪಾಲಕರ ಹತ್ತಿರ ಇರಲಿ. ಬ್ಯಾಂಕಿಗೆ ಹೋಗಿ ನಿಮ್ಮ ಸಹಿಯನ್ನು ತೆಗೆಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಮುಂದೆ ಒಂದೆರಡು ಅವಧಿ ಕಳೆದ ಮೇಲೆ ಸಭೆಯೇ ನಿಮ್ಮ ಮಗನನ್ನು ಆರಿಸಿದರೆ ಆಗ ಅವನು ಸಂತೋಷವಾಗಿ ಮಾಡಲಿ. ಕಣ್ಣಿಗೆ ಮಾತ್ರ ಈ ವಾರವೇ ತೋರಿಸಿಕೊಳ್ಳಿ. ಪೊರೆ ಬಂದಿದ್ದರೆ ಆಪರೇಷನ್ ಈಗ ಬಹಳ ಸುಲಭ.